ದಾನಕ್ಕೆ ಬಂದ ಪಾಳಿ

ಸಂಜೆ ಆರೂವರೆಗೆ ಮುಂಬಯಿಯ ದನಿ ಮರಾಠಿಯಲ್ಲಿ ಹೇಳಿತು: ದಕ್ಷಿಣ ದಖ್ಖನದಲ್ಲಿ ಮುಂದಿನ ಇಪ್ಪತ್ನಾಲ್ಕು ತಾಸುಗಳಲ್ಲಿ ಬಿರುಸಾದ ಗಾಳಿ, ಗುಡುಗು, ಅಲ್ಲಲ್ಲಿ ಮಳೆ. ನಾನು ಕೂತಲ್ಲಿಂದ ಎದ್ದೇ ಬಿಟ್ಟೆ. ಸೀಮೆಸುಣ್ಣ ಕೈಗೆ ಸಿಗಲಿಲ್ಲ, ಸಿಕ್ಕಿದ್ದು ಎರಡು ತುಂಡಾಯಿತು, ಸಣ್ಣ ತುಂಡಿನಲ್ಲೇ ಚಾವಡಿಯ ಕರಿ ಹಲಗೆಯ ಮೇಲೆ ಅಷ್ಟನ್ನೂ ಕನ್ನಡದಲ್ಲಿ ಬರೆದೆ. ಕೆಳಗೆ ನನ್ನ ಸಹಿಯನ್ನೂ ಹಾಕಿದೆ, ಗೋಪಾಲ ಕೃಷ್ಣಾಜಿ ಎಂದು.

ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದು ಆರು ವರ್ಷವಾಗಿತ್ತು. ರಬಕವಿಯ ನಮ್ಮ ಚಾವಡಿಗೆ ಬ್ಯಾಟರಿ ರೇಡಿಯೋ ಬಂದು ಎರಡು ತಿಂಗಳು. ನಾನು ಮ್ಯಾಟ್ರಿಕ್ ಪಾಸಾಗಿದ್ದೆ, ನಮ್ಮ ಮನೆಯಲ್ಲಿ ಮರಾಠಿಯೂ ನಡೆಯುತ್ತಿತ್ತು, ಹಾಗಾಗಿ ಪೆಟ್ಟಿಗೆಯ ಕೀಲಿಕೈ ನನಗೆ ಸಿಕ್ಕಿತು. ಉಳಿದವರು ಭಜನೆ ಬಂದರೆ ಕೂರುತ್ತಿದ್ದರು, ಹವಾಮಾನ ಬಂದರೆ ಎದ್ದು ಹೋಗುತ್ತಿದ್ದರು. ನನಗೆ ಭಜನೆ ಬೇಡ, ಹವಾಮಾನ ಬೇಕು. ನಾಳೆ ಎಂಬುದನ್ನು ಇವತ್ತೇ, ಅದೂ ಮುನ್ನೂರು ಮೈಲಿ ಆಚೆಯಿಂದ ಒಬ್ಬ ಮನುಷ್ಯ ಕೆಮ್ಮದೆ ತಡವರಿಸದೆ ಹೇಳುತ್ತಾನೆ ಅಂದರೆ ಅದಕ್ಕಿಂತ ದೊಡ್ಡದು ಏನಿದೆ? ಪ್ರತಿದಿನದ್ದನ್ನೂ ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ.

ಆದರೆ ಮೂರು ಸಲ ಹಲಗೆಯ ಮೇಲೆ ಮಳೆ ಎಂದು ಬರೆದಿದ್ದೆ, ಮೂರು ಸಲವೂ ರಬಕವಿಯಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಬಿದ್ದಿತ್ತು, ಬೇರೆ ಕಡೆ. ಒಮ್ಮೆ ಮುಧೋಳದಲ್ಲಿ, ಒಮ್ಮೆ ಹುನ್ನೂರಿನಲ್ಲಿ, ಒಮ್ಮೆ ಬೀಳಗಿಯ ಆಚೆ. ಬಸ್ಸಿನ ಕಂಡಕ್ಟರುಗಳನ್ನು ಹಿಡಿದು ಕೇಳಿ ಕೇಳಿ ಅದನ್ನೂ ವಹಿಯಲ್ಲಿ ಬರೆದಿದ್ದೆ. ಯಾರಿಗೆ ತೋರಿಸಿದರೂ ನಗುತ್ತಿದ್ದರು.

“ಗೋಪಾಲರಾವ, ನಿಮ್ಮ ಪೆಟ್ಟಿಗಿ ಮುಧೋಳದ ಅಳಿಯಾ ಏನ್ರಿ?” ಎಂದು ಕೇಳಿದವನು ಅಂದಾನೆಪ್ಪ. “ಮಳಿ ಎಲ್ಲಾ ಒಯ್ದು ಮಾವನ ಮನ್ಯಾಗ ಸುರೀತೈತಿ!”

ಆ ಮಾತು ಓಣಿಯಲ್ಲಿ ಎಷ್ಟು ತಿರುಗಿತೆಂದರೆ ನೀರಿಗೆ ಹೋಗುವ ಹೆಂಗಸರೂ ನನ್ನನ್ನು ಕಂಡು ಸೆರಗಿನಲ್ಲಿ ನಗುತ್ತಿದ್ದರು.

ಅಂದಾನೆಪ್ಪನಿಗೆ ಎಂಟು ಮಗ್ಗ. ನೇಕಾರ ಓಣಿಯ ಪಾಳಿ ಹಂಚುವವನೂ ಅವನೇ. ಪಾಳಿ ಯಾಕೆಂದರೆ, ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳಿಗೆ, ಗಂಜಿ ಹಚ್ಚಿ, ಎಳೆ ಎಳೆ ಬಿಡಿಸಿ ಒಣಗಿಸಬೇಕು. ಅರವತ್ತು ಮೊಳದ ಹಾಸನ್ನು ಹರವಲು ಯಾರ ಮನೆಯೂ ಸಾಲದು, ಓಣಿಯೇ ಬೇಕು. ಓಣಿ ಒಂದು, ಮನೆ ಇಪ್ಪತ್ತೆರಡು. ನಿನ್ನ ಪಾಳಿಯ ದಿನ ಮನೆಗೊಬ್ಬರು ಬಂದು ಹಾಸು ಹಿಡಿಯಬೇಕು, ಬೆಳಕು ಹರಿಯುವ ಮೊದಲೇ. ಇನ್ನೊಂದು ಕಟ್ಟು ಇತ್ತು. ಹಾಸು ಹರವಿದ ಮೇಲೆ ಅದರ ಮುಂದೆ ಯಾರೂ ಮಳೆ ಎಂಬ ಮಾತು ಆಡಬಾರದು. ಆಡಿದರೆ ಎಲ್ಲರೂ ಹಾಸಿನಿಂದ ಕೈ ಎತ್ತಿಬಿಡಬೇಕು. ಆಡಿದವರ ಬಾಯಿಗೆ ಅರಿಷಿಣದ ನೀರು ಹಾಕಿ ಉಗುಳಿಸುವ ತನಕ ಆ ಹಾಸನ್ನು ಮುಟ್ಟಿದ ಕೈಗೆ ಆ ಮಾತಿನ ದೋಷ ಅಂಟುತ್ತದೆ, ಮುಟ್ಟಿದವರ ಮಗ್ಗಕ್ಕೂ ಬರುತ್ತದೆ ಎಂದು ನಂಬಿಕೆ. ಹಾಸಿನ ಒಡೆಯನ ಮನೆಗೆ ದೋಷ ಹೇಗೂ ತಟ್ಟಿರುತ್ತದೆ, ಅವನು ಬೇಕಾದರೆ ಮುಟ್ಟಬಹುದು. ಇಷ್ಟನ್ನು ನಾನು ಮೊದಲೇ ಬಲ್ಲೆ, ನಮ್ಮ ಮನೆ ಆ ಓಣಿಯ ತುದಿಯಲ್ಲೇ ಇತ್ತು.

ಆ ಸಂಜೆ ಹಲಗೆಯನ್ನು ಓದಿ ಆರೇಳು ಜನ ನಕ್ಕು ಹೋದರು. ಕೊನೆಗೆ ಅಂದಾನೆಪ್ಪ ಬಂದ. ಓದಿದ. ನಗಲಿಲ್ಲ.

“ನಾಳಿ ಪಾಳಿ ನಂದೈತಿ,” ಎಂದ. “ಖರೇನ ಬರ್ತೈತೇನ್ರಿ?”

“ಖರೇನ ಅದರಿ. ಈ ಸಲ ಗಾಳೀನೂ ಅದ. ಬಿರುಸು ಗಾಳಿ.”

“ಎಲ್ಲಿ? ಮುಧೋಳದಾಗ?”

“ಅಲ್ಲಲ್ಲಿ ಅಂದಾರ್ರಿ.”

“ಅಲ್ಲಲ್ಲಿ!” ಎಂದು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆಯ ಚೀಲ ಬಿಚ್ಚಿದ. “ಕೇಳ್ರಿ ಇಲ್ಲೆ. ನಿಮ್ಮ ಮಾತ ಖರೆ ಆದ್ರ ನನ್ನ ಹಾಸು ಹಾಳ. ಸುಳ್ಳಾದ್ರ ಸುಮ್ಮನ ಪಾಳಿ ಬಿಟ್ಟಂಗ. ಆ ಯಲ್ಲವ್ವ ನಾಕ ದಿನದಿಂದ ನನ್ನ ಬಾಗಲಾ ಕಾಯಾಕತ್ತಾಳ, ಪಾಳಿ ಕೊಡಣ್ಣಾ ಕೊಡಣ್ಣಾ ಅಂತ. ಆಕಿಗಿ ಕೊಟ್ರ ಹೆಂಗ? ಮಳಿ ಬಂದ್ರ ನಿಮ್ಮ ಪೆಟ್ಟಿಗಿ ಗೆದ್ದಂಗ. ಬರಲಿಲ್ಲಂದ್ರ ನನಗ ಪುಣ್ಯ.”

ಆಗ ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ: ಅಂದಾನೆಪ್ಪ ಹಾಸು ಹರವದಿದ್ದರೆ ನಾಳೆ ಓಣಿ ಖಾಲಿ. ಖಾಲಿ ಓಣಿಯ ಮೇಲೆ ಬಿದ್ದ ಮಳೆಯನ್ನು ಯಾರು ನೆನಪಿಡುತ್ತಾರೆ? ಒಂದು ಹಾಸು ಹಾಳಾಗಬೇಕು, ಆಗ ಮಾತ್ರ ಈ ಜನ ನಂಬುತ್ತಾರೆ. ಯಾರ ಹಾಸು ಎಂದು ನಾನು ಯೋಚಿಸಲೇ ಇಲ್ಲ ಎಂದರೆ ಸುಳ್ಳು. ಯೋಚಿಸಿದೆ. ಯಲ್ಲವ್ವನದು ಎಂದು ಗೊತ್ತಿದ್ದೇ ಯೋಚಿಸಿದೆ.

“ಹಲಗಿ ಒರಸಿಬಿಡ್ರಿ,” ಎಂದ ಅಂದಾನೆಪ್ಪ.

“ಯಾಕ್ರಿ?”

“ಯಾರರ ಆಕಿಗಿ ಓದಿ ಹೇಳ್ಯಾರು. ಬಡವಿ, ಹೆದರ್ತಾಳ.”

ನಾನು ಒದ್ದೆ ಅರಿವೆಯಿಂದ ಹಲಗೆ ಒರೆಸಿದೆ. ನನ್ನ ಸಹಿಯನ್ನು ಕೊನೆಗೆ ಒರೆಸಿದೆ.

ಯಲ್ಲವ್ವನ ಗಂಡ ಎರಡು ವರ್ಷದ ಹಿಂದೆ ಕಾಲರಾದಲ್ಲಿ ಸತ್ತಿದ್ದ. ಅವನ ಮಗ್ಗವನ್ನು ಅವಳೇ ನಡೆಸುತ್ತಿದ್ದಳು, ಕಣ್ಣು ಕಾಣದ ಅತ್ತೆ ಮರೆವ್ವ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನೂಲು ಸಿಗುತ್ತಿದ್ದುದು ನೇಕಾರರ ಸೊಸೈಟಿಯಿಂದ, ಕಾರ್ಡು ಇದ್ದವರಿಗೆ ಮಾತ್ರ. ಕಾರ್ಡು ಇನ್ನೂ ಸತ್ತವನ ಹೆಸರಿನಲ್ಲಿತ್ತು. ಹೆಂಗಸಿನ ಹೆಸರಿಗೆ ಮಾಡಬೇಕಾದರೆ ಮೂರು ಸೀರೆ ಅಮಾವಾಸ್ಯೆಯೊಳಗೆ ನೇಯ್ದು ತೋರಿಸು ಎಂದು ಸೊಸೈಟಿಯವರು ಒಂದು ಹಾಸಿನ ನೂಲು ಕೊಟ್ಟಿದ್ದರು. ಅಮಾವಾಸ್ಯೆಗೆ ಹದಿನೆಂಟು ದಿನ. ಅವಳ ಪಾಳಿ ಹನ್ನೊಂದು ದಿನದ ಮೇಲೆ. ಉಳಿಯುವ ಏಳು ದಿನದಲ್ಲಿ ಮೂರು ಸೀರೆಯ ಲೆಕ್ಕ ಕೂಡುತ್ತಿರಲಿಲ್ಲ. ಅದಕ್ಕೇ ಅವಳು ಬಾಗಿಲು ಕಾಯುತ್ತಿದ್ದಳು. ಮೂರು ಸೀರೆ ಆದರೆ ಕಾರ್ಡು, ಕಾರ್ಡು ಇದ್ದರೆ ಮಗ್ಗ, ಮಗ್ಗ ಇದ್ದರೆ ಆ ಮನೆಯಲ್ಲಿ ಒಲೆ.

ಹಲಗೆ ಇನ್ನೂ ಆರಿರಲಿಲ್ಲ, ಅವಳೇ ಬಂದಳು. ಅರ್ಧ ಓಡುತ್ತ ಬಂದಿದ್ದಳು.

“ರಾಯರ, ಅಂದಾನೆಪ್ಪಣ್ಣ ದೇವರಂಥಾ ಮನಶ್ಯಾ ನೋಡ್ರಿ! ನಾಳಿನ ಪಾಳಿ ನನಗ ಬಿಟ್ಟ. ಕಾಲ ಹಿಡಿಯಾಕ ಹೋದ್ರ ಬ್ಯಾಡ ಏಳ ತಂಗಿ ಅಂದ.”

“ಹೌದೇನು.”

“ಹೌದ್ರಿ. ಅತ್ತಿ ಅಂದಳು, ಗೋಪಾಲರಾಯರ ಪೆಟ್ಟಿಗೀನೂ ಒಂದ ಮಾತ ಕೇಳಿ ಬಾ ಅಂತ. ಓಣ್ಯಾಗ ಎಲ್ಲಾರೂ ನಗತಾರ, ನಾ ನಗೂದಿಲ್ರಿ. ನನಗ ಓದಾಕ ಬರೂದಿಲ್ಲ.” ಹಲಗೆ ನೋಡಿದಳು. “ಖಾಲಿ ಐತಲ್ರೀ?”

“ಇವತ್ತ ಖರ್ ಖರ್ ಅಂತಿತ್ತು. ಏನೂ ಕೇಳಸಲಿಲ್ಲ.”

“ಪೆಟ್ಟಿಗಿಗೂ ನೆಗಡಿ ಆತೇನ್ರಿ?” ನಕ್ಕಳು. “ಹಂಗಾದ್ರ ಹರವಲೇನ್ರಿ?”

ಇಡೀ ರಬಕವಿಯಲ್ಲಿ ನನ್ನ ಪೆಟ್ಟಿಗೆಯನ್ನು ನಂಬಿ ಕೇಳಲು ಬಂದವಳು ಅವಳೊಬ್ಬಳೇ. ಅದು ನನಗೆ ಆಗಲೇ ಹೊಳೆಯಿತು. ಹೊಳೆದರೂ ಹೇಳಿದ್ದು ಇದು: “ನಿಂದ ನೀ ನೋಡ್ಕೊ ಯಲ್ಲವ್ವ.”

ಮರುದಿನ ನಸುಕಿನಲ್ಲಿ ಗೂಟ ನೆಟ್ಟು, ಜೋಳದ ಗಂಜಿ ಕಾಯಿಸಿ ಅವಳು ಕಾದಳು. ಯಾರೂ ಬರಲಿಲ್ಲ. ಸ್ವಂತ ಪಾಳಿಗೆ ಮನೆಗೊಬ್ಬರು ಬರಲೇಬೇಕು, ದಾನಕ್ಕೆ ಬಂದ ಪಾಳಿಗೆ ಆ ಕಟ್ಟು ಇಲ್ಲ. ಅವಳು ಮನೆ ಮನೆಗೆ ಹೋಗಿ ಕರೆದಳು. ರೊಟ್ಟಿ ತಿಂದು ಬರ್ತೀವಿ, ಎಮ್ಮಿ ಕಟ್ಟಿ ಬರ್ತೀವಿ ಎಂದರು. ಬಹಳ ಜನಕ್ಕೆ ಹಲಗೆಯ ಮೇಲಿದ್ದ ಸಂಗತಿ ಗೊತ್ತಿತ್ತು. ಗೊತ್ತಿದ್ದೇ ತಡ ಮಾಡಿದರು ಎಂದು ಹೇಳಲಾರೆ, ಆದರೆ ಒಬ್ಬರೂ ಅವಳಿಗೆ ಹೇಳಲಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು.

“ಏನ್ರಿ ರಾಯರ, ಇವತ್ತೂ ಮಾವನ ಮನಿಗೇನು?” ಎಂದು ಓಣಿಯ ಇನ್ನೊಬ್ಬ ನೇಕಾರ ಗಿರಿಮಲ್ಲಪ್ಪ ಕೂಗಿದ. ಎಲ್ಲರೂ ನಕ್ಕರು. ಯಾತಕ್ಕೆಂದು ತಿಳಿಯದಿದ್ದರೂ ಯಲ್ಲವ್ವನೂ ನಕ್ಕಳು.

ಹಾಸು ಹರವಿದ್ದು ಮಧ್ಯಾಹ್ನ ಒಂದಕ್ಕೆ. ಗೂಟದಿಂದ ಗೂಟಕ್ಕೆ ಎಳೆ ಎಳೆ ನಿಂತಿತು, ಅಂಚಿಗೆ ಕೆಂಪು, ಒಡಲಿಗೆ ಬಿಳಿ. ಎಂಟು ಜನ ಕೈ ಹಚ್ಚಿದರು. ಯಲ್ಲವ್ವ ಗಂಜಿಯಲ್ಲಿ ಕುಂಚ ಅದ್ದಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯುತ್ತ ಹೋಗುವುದು, ಹೊರಳಿ ಬರುವುದು. ಇಷ್ಟು ನೀಟಾಗಿ ಕುಂಚ ಎಳೆಯುವವರನ್ನು ನಾನು ಕಂಡಿರಲಿಲ್ಲ. ನಾನು ನಮ್ಮ ಕಟ್ಟೆಯ ಮೇಲೆ ವಹಿ ಹಿಡಿದು ಕೂತಿದ್ದೆ. ಅಪ್ಪನ ಗಡಿಯಾರ ಕಿಸೆಯಲ್ಲಿತ್ತು. ಆಕಾಶ ತೊಳೆದ ತಟ್ಟೆಯಂತಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಇವತ್ತೂ ಬೀಳಗಿಗೆ ಹೋಯಿತು ಎಂದುಕೊಂಡೆ.

ಎರಡೂಮುಕ್ಕಾಲಿಗೆ ತೇರದಾಳದ ದಿಕ್ಕಿನಲ್ಲಿ ಕಾಡಿಗೆಯ ಗೀಟಿನಂತೆ ಒಂದು ಮೋಡ ಕಂಡಿತು. ಬಾ ಬಾ ಎಂದೆ, ಮನಸ್ಸಿನಲ್ಲಿ. ಹಾಸು ಹಿಡಿದವರು ಯಾರೂ ಮೇಲೆ ನೋಡುವಂತಿರಲಿಲ್ಲ, ನೋಡುವುದೂ ಅಪಶಕುನ. ಅರ್ಧ ಹಾಸು ಆರಿತ್ತು. ಇನ್ನರ್ಧ ಹಸಿ.

ಮರೆವ್ವ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದಳು. ಕಣ್ಣಿಲ್ಲದವಳು ಮೂಗು ಮೇಲೆತ್ತಿದಳು.

“ಯಲ್ಲವ್ವ! ಮಣ್ಣಿನ ವಾಸನಿ ಬರಾಕತ್ತೈತಿ. ಮಳಿ ಬಂತ ಬೇ, ಹಾಸು ಸುತ್ತ!”

ಎಂಟು ಜನರ ಹದಿನಾರು ಕೈಗಳು ಒಮ್ಮೆಲೇ ಮೇಲೆದ್ದವು.

“ಮುದುಕಿ! ಬಾಯಾಗ ಮಣ್ಣ ಬೀಳ್ಲಿ!” ಎಂದು ಅಂದಾನೆಪ್ಪ ತನ್ನ ಕಟ್ಟೆಯಿಂದ ಕೂಗಿದ. “ಯಾರೂ ಮುಟಬ್ಯಾಡ್ರಿ. ಅರಿಷಿಣ ನೀರ ತರ್ರಿ.”

“ಅಣ್ಣಾ, ಒಂದ ಗಳಿಗಿ,” ಯಲ್ಲವ್ವ ಕುಂಚ ಬಿಸಾಡಿದಳು. “ಸುತ್ತೂನು, ಆಮ್ಯಾಲ ಉಗಳಸೂನು. ಹಿಡೀರೆಪ್ಪಾ, ಕೈ ಮುಗೀತೀನಿ.”

“ಕಟ್ಟ ಅಂದ್ರ ಕಟ್ಟ ತಂಗಿ. ಅವರ ಮಗ್ಗಕ್ಕ ದೋಷ ಹಚ್ಚಾಕತ್ತೀಯೇನು?”

ಆಗ ಇನ್ನೂ ಗಾಳಿ ಬಂದಿರಲಿಲ್ಲ. ಹತ್ತು ನಿಮಿಷವಿತ್ತು, ಗಡಿಯಾರ ನನ್ನ ಕೈಯಲ್ಲೇ ಇತ್ತು. ಎಂಟು ಜನ ಹಿಡಿದಿದ್ದರೆ ಐದು ನಿಮಿಷದಲ್ಲಿ ಹಾಸು ಸುತ್ತಿ ಮನೆಯೊಳಗೆ ಹೋಗುತ್ತಿತ್ತು. ಎಂಟು ಜನ ಕೈ ಎತ್ತಿಕೊಂಡು ನಿಂತಿದ್ದರು. ಯಾರೋ ಅರಿಷಿಣ ಹುಡುಕಲು ಹೋದರು, ನಿಧಾನಕ್ಕೆ. ಯಲ್ಲವ್ವ ಒಬ್ಬಳೇ ಈ ಗೂಟದಿಂದ ಆ ಗೂಟಕ್ಕೆ ಓಡಿದಳು. ಇಲ್ಲಿ ಬಿಚ್ಚಿದರೆ ಅಲ್ಲಿ ಜೋತು ಬಿತ್ತು, ಅಲ್ಲಿ ಎತ್ತಿದರೆ ಇಲ್ಲಿ ಮಣ್ಣಿಗೆ ತಾಗಿತು. ಅವಳು ನನ್ನ ಕಡೆ ತಿರುಗಿ, “ರಾಯರ, ನಿಮಗ ಮಗ್ಗ ಇಲ್ಲಲ್ರೀ! ನೀವರ ಬರ್ರೀ!” ಎಂದು ಕೂಗಿದಳು. ಖರೆ, ನನಗೆ ಮಗ್ಗವಿರಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ.

ಮೂರು ಗಂಟೆ ಎಂಟು ನಿಮಿಷಕ್ಕೆ ಗಾಳಿ. ಬರೆದುಕೊಂಡೆ.

ಮುಂಬಯಿ ಬಿರುಸಾದ ಗಾಳಿ ಎಂದಿತ್ತು, ಆ ಮಾತು ಸಣ್ಣದಾಯಿತು. ಓಣಿಯ ಧೂಳೆಲ್ಲ ಎದ್ದು ಹಾಸಿನ ಹಸಿ ಗಂಜಿಯ ಮೇಲೆ ಕೂತಿತು. ನಡುವಿನ ಗೂಟ ಕಿತ್ತು ಹೋಯಿತು. ಹಾಸು ಹಗ್ಗದಂತೆ ತಿರುಚಿಕೊಂಡು ಗೋಡೆಗೆ ಬಡಿಯಿತು, ಎಳೆಗಳು ಪಟಪಟ ಹರಿದವು. ಯಲ್ಲವ್ವ ಅದರ ಮೇಲೆ ಅಡ್ಡ ಬಿದ್ದಳು. ಮೂರು ಹದಿಮೂರಕ್ಕೆ ಮಳೆ. ದಪ್ಪ ಹನಿ. ಗಂಜಿ ತೊಳೆದು ಹೋಯಿತು, ಕೆಂಪು ಬಿಳಿಗೆ ಇಳಿಯಿತು, ಅವಳ ಕೈ ಕುಪ್ಪಸ ಎಲ್ಲ ಕೆಂಪಾಯಿತು. ಮೂರು ಇಪ್ಪತ್ತೈದಕ್ಕೆ ಮಳೆ ನಿಂತು ಬಿಸಿಲು ಬಿತ್ತು. ಪಕ್ಕದ ಬನಹಟ್ಟಿಯಲ್ಲಿ ಒಂದು ಹನಿ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಅಲ್ಲಲ್ಲಿ! ಅಕ್ಷರ ಅಕ್ಷರವೂ ಖರೆಯಾಗಿತ್ತು.

ಜನ ಕಟ್ಟೆಗಳಿಂದ ಇಳಿದು ಬಂದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಮುದುಕಿ ಕರೆದಳು, ಬಂತು. ಒಬ್ಬಳು ಅರಿಷಿಣದ ನೀರನ್ನು ಮರೆವ್ವನ ಮುಖಕ್ಕೇ ಎರಚಿದಳು. “ಮಗನ್ನ ತಿಂದಳು, ಈಗ ಹಾಸು ತಿಂದಳು,” ಎಂದಳು. ಮರೆವ್ವ ಮುಖ ಒರೆಸಿಕೊಳ್ಳದೆ, “ನಾ ವಾಸನಿ ಬಂತು ಅಂದೆ, ಅಷ್ಟ,” ಎನ್ನುತ್ತ ಕೂತಿದ್ದಳು.

ನನಗೆ ತಡೆಯಲಾಗಲಿಲ್ಲ. ಮುದುಕಿಯ ಮೇಲಿನ ಕನಿಕರಕ್ಕಲ್ಲ. ಮೂರು ಸಲ ಸುಳ್ಳಾಗಿ ನಾಲ್ಕನೆಯ ಸಲ ನನ್ನ ಪೆಟ್ಟಿಗೆ ಗೆದ್ದಿತ್ತು, ಆ ಗೆಲುವನ್ನು ಒಬ್ಬಳು ಕುರುಡಿ ಒಯ್ಯುತ್ತಿದ್ದಳು!

“ಆಕಿ ಮಾತಿನಿಂದ ಅಲ್ರೀ!” ಎಂದು ಓಣಿಯ ನಡುವೆ ನಿಂತು ಕೂಗಿದೆ. “ನಿನ್ನಿ ಸಂಜಿ ಆರೂವರಿಗೇ ಮುಂಬಯಿಯವರು ಹೇಳ್ಯಾರ! ಬಿರುಸು ಗಾಳಿ, ಅಲ್ಲಲ್ಲಿ ಮಳಿ! ನೋಡ್ರಿ, ವಹಿಯೊಳಗ ಅದ!”

ಗಿರಿಮಲ್ಲಪ್ಪ, “ಹೌದ್ ಹೌದ, ನಾನೂ ಓದಿದ್ನಲ್ಲ,” ಎಂದ. ಯಲ್ಲವ್ವ ಕೆಸರಿನಲ್ಲಿ ಕೂತು ನೂಲು ಬಿಡಿಸುತ್ತಿದ್ದವಳು ಎದ್ದಳು.

“ನಿನ್ನಿ ಗೊತ್ತಿತ್ತೇನ್ರಿ ನಿಮಗ?”

ನಾನು ಅಂದಾನೆಪ್ಪನ ಕಡೆ ನೋಡಿದೆ. ಅವನು ಎಲೆಗೆ ಸುಣ್ಣ ಸವರುತ್ತಿದ್ದ. ಯಲ್ಲವ್ವನೂ ಅತ್ತ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ಬಯ್ಯುವಷ್ಟು ಅವಕಾಶ ಅವಳಿಗಿರಲಿಲ್ಲ.

“ಆತು, ಹೋಗ್ಲಿ,” ಎಂದಳು. “ನಾಳಿ ಸೊಸೈಟ್ಯಾಗ ಬಂದು ಈಗ ಒದರಿದ್ರಲ್ಲಾ, ಇದನ್ನ ಹೇಳ್ರಿ. ಅತ್ತಿ ಬಾಯಿಂದ ಆಗಿದ್ದಲ್ಲ, ಮ್ಯಾಲಿನಿಂದ ಬಂದಿದ್ದು ಅಂತ. ಅಷ್ಟ ಮಾಡ್ರಿ ರಾಯರ.”

“ಬರ್ತೀನಿ,” ಎಂದೆ. ಬರಬೇಕೆಂದೇ ಇತ್ತು. ಸೊಸೈಟಿಯಲ್ಲಿ ಇಪ್ಪತ್ತು ಮೂವತ್ತು ಜನ ಕೂಡುತ್ತಾರೆ.

ಮರುದಿನ ಹನ್ನೊಂದಕ್ಕೆ ಸೊಸೈಟಿಯ ಪಡಸಾಲೆ ತುಂಬಿತ್ತು. ಕಾರ್ಯದರ್ಶಿ ಶಿವಯೋಗೆಪ್ಪ ಮೇಜಿನ ಹಿಂದೆ ಕೂತಿದ್ದ. ಮೇಜಿನ ಮೇಲೆ ಹಳೆಯ ಸೀರೆಯಲ್ಲಿ ಕಟ್ಟಿದ ಒದ್ದೆ ನೂಲಿನ ಗಂಟು, ಅದರಿಂದ ಕೆಂಪು ನೀರು ಇನ್ನೂ ಸೋರುತ್ತಿತ್ತು.

“ಕಾಯದೆ ಹೇಳ್ತೀನಿ ಕೇಳವಾ,” ಎಂದ ಶಿವಯೋಗೆಪ್ಪ. ಕೆಟ್ಟವನಲ್ಲ ಅವನು. “ದೈವದಿಂದ ಕೆಟ್ರ ಸೊಸೈಟಿ ಮಾಫ ಮಾಡ್ತೈತಿ, ಬ್ಯಾರೆ ನೂಲ ಕೊಡ್ತೈತಿ, ವಾಯಿದೆ ಮುಂದ ಹಾಕ್ತೈತಿ. ನೇಕಾರನ ಹಲಗರ್ಜಿಯಿಂದ, ಅವನ ತಪ್ಪಿನಿಂದ ಕೆಟ್ರ ಕಾರ್ಡು ರದ್ದು. ಓಣಿಯವರು ನಿಮ್ಮತ್ತಿ ಬಾಯಿ ಅಂತಾರ.”

“ಅಲ್ರಿ. ಗೋಪಾಲರಾಯರ್ನ ಕೇಳ್ರಿ.”

“ಹೇಳ್ರಿ ರಾಯರ. ಮುಂಬಯಿ ಹೇಳಿತ್ತೇನು?”

ನಾನು ವಹಿ ತೆಗೆದು ನಿಂತು ಓದಿದೆ. ಆರೂವರೆಯ ಸಂದೇಶ, ಗಾಳಿಯ ಸಮಯ, ಮಳೆಯ ಸಮಯ, ಬನಹಟ್ಟಿಯಲ್ಲಿ ಬೀಳದಿದ್ದುದು, ಹಿಂದಿನ ಮೂರು ಸಲ ಮುಧೋಳ, ಹುನ್ನೂರು, ಬೀಳಗಿ. ಒಬ್ಬರೂ ನಗಲಿಲ್ಲ. ಹಿಂದೆ ನಿಂತವರು ಕತ್ತು ಉದ್ದ ಮಾಡಿ ಕೇಳಿದರು. ಯಲ್ಲವ್ವ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಳು.

“ಭಾರಿ ಆತಲ್ಲ!” ಎಂದ ಶಿವಯೋಗೆಪ್ಪ. “ಮತ್ತ ಇದನ್ನ ಹಲಗಿ ಮ್ಯಾಲ ಬರದಿದ್ರೇನು?”

“ಬರದಿದ್ದೆ.”

“ನಾವೆಲ್ಲಾ ಓದೀವಿ,” ಎಂದ ಅಂದಾನೆಪ್ಪ ಬೆಂಚಿನಿಂದ. “ಅದಕ್ಕ ನಾ ಹರವಲಿಲ್ಲ. ಆಕಿ ಕಾಡಿದಳು, ಕೊಟ್ಟೆ. ಓಣಿಗೆಲ್ಲಾ ಗೊತ್ತಿದ್ದದ್ದು ಆಕಿಗಿ ಗೊತ್ತಿರೂದಿಲ್ಲೇನು?”

ಶಿವಯೋಗೆಪ್ಪ ಲೇಖಣಿ ಕೆಳಗಿಟ್ಟ. “ಗೊತ್ತಿದ್ದೂ ಹರವಿದೇನವಾ?”

“ಹಲಗಿ ಖಾಲಿ ಇತ್ರೀ!” ಅವಳು ನನ್ನ ಕಡೆ ಕೈ ಮಾಡಿದಳು. “ನಾ ಹೋಗಿ ಕೇಳೀನಿ. ಪೆಟ್ಟಿಗಿ ಖರ್ ಖರ್ ಅಂತು, ಏನೂ ಕೇಳಸಲಿಲ್ಲ ಅಂದ್ರು. ನಿಮ್ಮ ಬಾಯಿಂದನ ಅಂದ್ರಿ. ಹೇಳ್ರಿ ರಾಯರ.”

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳುವುದು ಎರಡೇ ಮಾತು. ಒರೆಸಿದೆ, ಸುಳ್ಳು ಹೇಳಿದೆ. ಅದನ್ನು ಹೇಳಿದರೆ ಅವಳ ಕಾರ್ಡು ಉಳಿಯುತ್ತದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಒಮ್ಮೆ ಬರೆದದ್ದನ್ನು ಒರೆಸಿ ಸುಳ್ಳು ಹೇಳಿದವನ ಹಲಗೆಯನ್ನು ನಾಳೆ ಯಾರು ಓದುತ್ತಾರೆ ಎಂಬುದೂ ಅಷ್ಟೇ ಸ್ಪಷ್ಟವಾಗಿ ಗೊತ್ತಿತ್ತು. ವಹಿಯ ಮೇಲೆ ನನ್ನ ಬೆರಳು ಇನ್ನೂ ಮಳೆಯ ಸಾಲಿನ ಮೇಲೇ ಇತ್ತು.

“ಹಲಗಿ ಮ್ಯಾಲ ಬರದಿದ್ದು ಖರೆ ಅದರಿ,” ಎಂದೆ. “ಆಕಿ ಬಂದು ಕೇಳಿದ್ದು ನನಗ ನೆನಪಿಲ್ಲ.”

ಯಲ್ಲವ್ವ ನನ್ನನ್ನು ನೋಡಿದಳು. ಅಳಲಿಲ್ಲ. ನನ್ನ ಮುಖದಲ್ಲಿ ಏನೋ ಹುಡುಕಿ ಸಿಗದವಳಂತೆ ಮೇಜಿನ ಕಡೆ ತಿರುಗಿದಳು. ಶಿವಯೋಗೆಪ್ಪ ಗಂಡನ ಹೆಸರಿನ ಕಾರ್ಡಿನ ಮೇಲೆ ಒಂದು ಗೀಟು ಎಳೆದು ಡಬ್ಬಿಗೆ ಹಾಕಿದ. ಆಮೇಲೆ ಗಂಟನ್ನು ತಕ್ಕಡಿಯಲ್ಲಿ ಇಟ್ಟು, ತೆಗೆದ.

“ಒದ್ದಿ ಐತಿ, ತೂಕ ತಪ್ಪ ತೋರಸ್ತೈತಿ. ಒಣಗಿಸಿ ತಾ. ನಾಳಿ ಸಂಜಿ ಒಳಗ ಜಮಾ ಆಗಬೇಕ ನೋಡ.”

ಅವಳು ಗಂಟು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

“ನಾಳಿ ಬಿಸಲ ಅದ ಯಲ್ಲವ್ವ,” ಎಂದು ನನ್ನ ಬಾಯಿಂದ ಬಂದೇ ಬಿಟ್ಟಿತು. “ಎರಡ ದಿನ ಒಣ ಹವಾ ಅಂದಾರ. ಮಧ್ಯಾಹ್ನದೊಳಗ ಒಣಗ್ತದ.”

ಅವಳು ಬೆಂಚಿನ ಕಡೆ ಹೊರಳಿದಳು. ಅಂದಾನೆಪ್ಪನನ್ನು ಕೇಳಿದಳು: “ಓಣಿ ತುದಿಗಿ ನಾಕ ಮೊಳ ಜಾಗಾ ಬಿಡ್ತೀಯೇನಣ್ಣಾ, ಒಣಾ ಹಾಕಾಕ?”

“ಕಾರ್ಡ ಇಲ್ಲದವರಿಗಿ ಓಣಿ ಎಲ್ಲಿದವಾ ತಂಗಿ?” ಎಂದ ಅವನು, ಮೆತ್ತಗೆ. “ನಿಮ್ಮ ಮಾಳಗಿ ಮ್ಯಾಲ ಹರವಕೋ ಹೋಗು.”

ಅವಳು ಹೋದಳು. ನೆಲದ ಮೇಲೆ ಬಾಗಿಲ ತನಕ ಕೆಂಪು ಹನಿ. ಶಿವಯೋಗೆಪ್ಪ ನನ್ನ ವಹಿಯನ್ನು ಕೈಗೆ ತೆಗೆದುಕೊಂಡು ಪುಟ ತಿರುವಿದ, ಇನ್ನಿಬ್ಬರು ಅವನ ಹೆಗಲ ಮೇಲಿಂದ ಬಾಗಿ ನೋಡಿದರು, ನಾನು ಬೆರಳಿಟ್ಟು ತೋರಿಸುತ್ತ ಹೋದೆ. ಆ ಸಂಜೆ ಆರೂವರೆಗೆ ಚಾವಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ.